ಹುಂಡಿಯ ದುಡ್ಡಿಗೂ ಒಂದು ರಸೀದಿ

ಕಳೆದ ಜೂನ್ ತಿಂಗಳ ಒಂದು ಭಾನುವಾರ. ಆಗಷ್ಟೇ ಏಳನೇ ತರಗತಿಗೆ ಕಾಲಿಟ್ಟಿದ್ದ ನನ್ನ ಮೊಮ್ಮಗಳು ತನ್ನ ಮಣ್ಣಿನ ಹುಂಡಿ ಒಡೆದು, ಚಿಲ್ಲರೆಯನ್ನೆಲ್ಲ ನಡುಮನೆಯಲ್ಲಿ ಸುರಿದುಕೊಂಡು ಎಣಿಸುತ್ತಿದ್ದಳು. ಒಟ್ಟು 340 ರೂಪಾಯಿ ಆಯಿತು. ನಮ್ಮ ಬಡಾವಣೆಯ ಸಂಘದವರು ಪ್ರತಿ ವರ್ಷ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಾರೆ. ಅದಕ್ಕೆ ಕೊಡಿ ಎಂದು ದುಡ್ಡನ್ನು ನನ್ನ ಕೈಗೆ ಕೊಟ್ಟಳು. ನಾನು ಜೇಬಿಗೆ ಹಾಕಿಕೊಂಡೆ.

"ತಾತ, ರಸೀದಿ?"

"ಚಿಲ್ಲರೆ ದುಡ್ಡಿಗೆಲ್ಲ ಯಾರು ರಸೀದಿ ಬರೀತಾರೆ ಪುಟ್ಟಿ? ನಾನೇ ತಲುಪಿಸ್ತೀನಲ್ಲ."

"ಮತ್ತೆ ನೀವು ಮರೆತುಬಿಟ್ರೆ?"

ಅಡುಗೆಮನೆಯಿಂದ ಅವಳ ಅಜ್ಜಿ, "ಹಾಗೆ ಕೇಳು ಮಗು" ಎಂದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಐದು ಪೈಸೆ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಲೆಡ್ಜರು ತಿರುವಿದವನು ನಾನು. ಅಂಥವನೂ ಒಮ್ಮೆ ಮರೆತಿದ್ದೆ. ಆ ಮರೆವಿನಿಂದ ಒಬ್ಬ ಒಳ್ಳೆಯ ಮನುಷ್ಯರ ಮರ್ಯಾದೆಗೆ ಪೆಟ್ಟು ಬಿದ್ದಿತ್ತು.

ಮಾರ್ಚ್ ತಿಂಗಳೆಂದರೆ ಲೆಕ್ಕ ಮುಗಿಸುವ ತಿಂಗಳು. ಮನೆಯ ತೆರಿಗೆ ಲೆಕ್ಕಕ್ಕೂ ಸಂಘದ ಲೆಕ್ಕಕ್ಕೂ 31ನೇ ತಾರೀಖೇ ಗಡಿ. ಆದ್ದರಿಂದ ಆ ಕಥೆಯನ್ನೂ, ಅದರಿಂದ ನಾನು ಕಲಿತ ಪಾಠವನ್ನೂ ಅಜ್ಜ-ಅಜ್ಜಿಯರಿಗೆ ಮತ್ತು ಮೊಮ್ಮಕ್ಕಳಿಗೆ ಒಟ್ಟಿಗೇ ಹೇಳಿಬಿಡುತ್ತೇನೆ.

ಮೇಷ್ಟ್ರು ಎದ್ದುಹೋದ ಸಭೆ

ನಾನು ನಿವೃತ್ತನಾದ ಮರುವರ್ಷವೇ, "ನೀವು ಬ್ಯಾಂಕಿನವರು, ನೀವೇ ಸರಿ" ಎಂದು ಸಂಘದವರು ನನ್ನನ್ನು ಖಜಾಂಚಿ ಮಾಡಿದರು. ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಬಾಗಿಲಿಗೆ ಬಂದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಬಡಾವಣೆಯ ಅರ್ಧ ಜನ ಅವರ ಹತ್ತಿರ ಮಗ್ಗಿ ಕಲಿತವರು.

ಮೂರನೇ ವರ್ಷದ ಸಾಮಾನ್ಯ ಸಭೆ. ರಸೀದಿ ಪುಸ್ತಕದ ಪ್ರಕಾರ ಎತ್ತಿದ ಚಂದಾ 42,600 ರೂಪಾಯಿ. ಬ್ಯಾಂಕಿಗೆ ಜಮಾ ಆಗಿದ್ದು 34,200. ಉಳಿದ 8,400 ಎಲ್ಲಿ ಎಂದು ಒಬ್ಬ ಯುವಕ ಎದ್ದು ಕೇಳಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಪ್ರೆಸ್ಸಿನವರಿಗೆ ಕೊಟ್ಟಿದ್ದೀನಿ, ಉಳಿದಿದ್ದು ಇವರ ಕೈಗೇ ಕೊಟ್ಟೆ" ಎಂದು ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ನನ್ನ ಪುಸ್ತಕ ನೋಡಿದೆ. ಅದರಲ್ಲಿ ಇರಲಿಲ್ಲ. "ನನ್ನ ಲೆಕ್ಕದಲ್ಲಿ ಕಾಣ್ತಿಲ್ಲ ಮೇಷ್ಟ್ರೇ" ಎಂದುಬಿಟ್ಟೆ. "ಕಾಗದ ಏನಾದ್ರೂ ಇದೆಯಾ ಸಾರ್?" ಎಂದು ಹಿಂದಿನಿಂದ ಯಾರೋ ಕೇಳಿದರು. ಮೇಷ್ಟ್ರು ಕೊಡೆ ತೆಗೆದುಕೊಂಡು ಎದ್ದು ಹೊರಟುಹೋದರು. ಮರುದಿನ ಅವರ ಮಗನ ಕೈಯಲ್ಲಿ 8,400 ರೂಪಾಯಿ ಬಂತು.

ನಾಲ್ಕು ತಿಂಗಳ ಮೇಲೆ ಪಾಸ್‌ಬುಕ್ ನೋಡುತ್ತಿದ್ದಾಗ ಏಪ್ರಿಲ್ 2ರ ಒಂದು ಜಮಾ ಕಣ್ಣಿಗೆ ಬಿತ್ತು. 5,000 ರೂಪಾಯಿ. ತಕ್ಷಣ ನೆನಪಾಯಿತು. ಮಾರ್ಚ್ ಕೊನೆಯ ಭಾನುವಾರ ಒಂದು ಮದುವೆ ಛತ್ರದಲ್ಲಿ, ಊಟದ ಪಂಕ್ತಿಗೆ ಹೋಗುವ ಗಡಿಬಿಡಿಯಲ್ಲಿ, ಮೇಷ್ಟ್ರು ನನ್ನ ಕೈಗೆ ಒಂದು ಲಕೋಟೆ ಕೊಟ್ಟಿದ್ದರು. ನಾನು ಸಹಿ ಮಾಡಿ ಕೊಟ್ಟಿರಲಿಲ್ಲ, ಅಂದೇ ಬರೆದುಕೊಂಡೂ ಇರಲಿಲ್ಲ. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಕಟ್ಟಿ, ಹೊಸ ವರ್ಷದ ಲೆಕ್ಕದಲ್ಲಿ ಸದಸ್ಯರ ವಂತಿಗೆ ಎಂದು ಬರೆದುಬಿಟ್ಟಿದ್ದೆ. ಪ್ರೆಸ್ಸಿಗೆ ಹೋಗಿ ಕೇಳಿದೆ. ಕರಪತ್ರದ ಬಿಲ್ಲಿನ ನಕಲು ಅವರಲ್ಲಿತ್ತು: 3,400 ರೂಪಾಯಿ. ಎರಡೂ ಕೂಡಿದರೆ ಸರಿಯಾಗಿ 8,400.

ಅಂದು ಸಂಜೆಯೇ ಹಣ ತೆಗೆದುಕೊಂಡು ಅವರ ಮನೆಗೆ ಹೋದೆ. ತಪ್ಪೊಪ್ಪಿಕೊಂಡೆ. ಮೇಷ್ಟ್ರು ಕಾಫಿ ತರಿಸಿದರು. "ಲೆಕ್ಕ ಸಿಕ್ತಲ್ಲ ಬ್ಯಾಂಕಿನವ್ರೇ, ಬಿಡಿ" ಎಂದರು. ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತು ನಡೆದದ್ದನ್ನೆಲ್ಲ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಆದರೆ ಮೇಷ್ಟ್ರು ಮತ್ತೆ ಚಂದಾ ಎತ್ತಲು ಹೊರಡಲಿಲ್ಲ.

ಯಾರೂ ಕದ್ದಿರಲಿಲ್ಲ. ಒಂದು ರೂಪಾಯಿಯೂ ಪೋಲಾಗಿರಲಿಲ್ಲ. ಬರೆಯಬೇಕಾದ ದಿನ ಬರೆಯಲಿಲ್ಲ, ಅಷ್ಟೇ. ಲೆಕ್ಕಪುಸ್ತಕ ಇರುವುದು ಕಳ್ಳರನ್ನು ಹಿಡಿಯಲು ಎಂದು ಬಹಳ ಜನ ತಿಳಿದಿದ್ದಾರೆ. ಒಳ್ಳೆಯವರನ್ನು ಕಾಪಾಡುವುದಕ್ಕೇ ಅದು ಹೆಚ್ಚು ಬೇಕು.

ಮನೆಯ ಲೆಕ್ಕ: ಎರಡು ದಾರಿ

ಆ ಪಾಠವನ್ನು ನಾನು ಮೊದಲು ಜಾರಿಗೆ ತಂದದ್ದು ನಮ್ಮ ಮನೆಯಲ್ಲೇ. ಒಂದು ರಟ್ಟಿನ ಫೈಲು ತಂದು, ಮೇಲೆ 'ಮಾರ್ಚ್' ಎಂದು ಬರೆದಿಟ್ಟೆ. ಬ್ಯಾಂಕಿನ ಬಡ್ಡಿ ಪತ್ರ, ಪಿಂಚಣಿ ಚೀಟಿ, ಆರೋಗ್ಯ ವಿಮೆಯ ರಸೀದಿ, ದಾನದ ರಸೀದಿ ಎಲ್ಲವೂ ಬಂದ ದಿನವೇ ಅದರೊಳಗೆ ಹೋಗುತ್ತವೆ. ತೆರಿಗೆ ಯೋಜನೆ ಎಂಬ ದೊಡ್ಡ ಮಾತಿನ ಮುಕ್ಕಾಲು ಪಾಲು ಈ ಫೈಲಿನಲ್ಲೇ ಮುಗಿಯುತ್ತದೆ.

ಉಳಿದ ಕಾಲು ಪಾಲು ದಾರಿ ಆರಿಸಿಕೊಳ್ಳುವುದು. ಆದಾಯ ತೆರಿಗೆಯಲ್ಲಿ ಈಗ ಎರಡು ಪದ್ಧತಿಗಳಿವೆ. ಹಳೆಯದರಲ್ಲಿ ಉಳಿತಾಯ, ವಿಮೆ, ದಾನ ಇವುಗಳಿಗೆಲ್ಲ ವಿನಾಯಿತಿ ಉಂಟು. ಹೊಸದರಲ್ಲಿ ಅವು ಬಹುಪಾಲು ಇಲ್ಲ. ಬದಲಿಗೆ ದರ ಕಡಿಮೆ. 2025-26ನೇ ಹಣಕಾಸು ವರ್ಷದಲ್ಲಿ ಹೊಸ ಪದ್ಧತಿಯಂತೆ ಒಟ್ಟು ಆದಾಯ 12 ಲಕ್ಷ ರೂಪಾಯಿ ದಾಟದಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಷೇರು ಮಾರಿದ ಲಾಭದಂಥ, ಪ್ರತ್ಯೇಕ ದರವಿರುವ ಆದಾಯಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಒಂದು ಉದಾಹರಣೆ ನೋಡೋಣ. 72 ವರ್ಷದ ಅಜ್ಜನಿಗೆ ವರ್ಷಕ್ಕೆ 6,00,000 ರೂಪಾಯಿ ಪಿಂಚಣಿ, 1,80,000 ಠೇವಣಿ ಬಡ್ಡಿ. ಒಟ್ಟು 7,80,000. ಹೊಸ ಪದ್ಧತಿಯಲ್ಲಿ ಪಿಂಚಣಿದಾರರಿಗೆ ಸಿಗುವ 75,000ದ ಪ್ರಮಾಣಿತ ಕಡಿತ ಕಳೆದರೆ 7,05,000. ತೆರಿಗೆ ಸೊನ್ನೆ. ಹಳೆಯ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 50,000, ಹಿರಿಯರ ಬಡ್ಡಿಗೆ 80ಟಿಟಿಬಿ ಪ್ರಕಾರ 50,000, ಆರೋಗ್ಯ ವಿಮೆ 40,000, 80ಸಿ ಉಳಿತಾಯ 1,50,000 ಕಳೆದರೆ ಉಳಿಯುವುದು 4,90,000. ಇಲ್ಲಿಯೂ 5 ಲಕ್ಷದೊಳಗೆ ಇರುವುದರಿಂದ ತೆರಿಗೆ ಸೊನ್ನೆಯೇ. ಆದರೆ ಈ ಸೊನ್ನೆಗಾಗಿ ಅಜ್ಜ ಒಂದೂವರೆ ಲಕ್ಷವನ್ನು ವರ್ಷಗಟ್ಟಲೆ ಕೈಗೆ ಸಿಗದಂತೆ ಕಟ್ಟಿಡಬೇಕಾಯಿತು!

ಆದ್ದರಿಂದ ಮಾರ್ಚ್ ತಿಂಗಳಲ್ಲಿ ಯಾರಾದರೂ "ಟ್ಯಾಕ್ಸ್ ಉಳಿಯುತ್ತೆ, ಈ ಪಾಲಿಸಿ ಮಾಡಿಸಿ" ಎಂದು ಬಂದರೆ, ಎರಡೂ ಪದ್ಧತಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯುವ ತನಕ ಸಹಿ ಹಾಕಬೇಡಿ. ಗುಣಿಸಿ ಕೂಡಿಸುವುದಕ್ಕೆ ಮೊಮ್ಮಕ್ಕಳನ್ನು ಕರೆಯಿರಿ. ಮನೆಸಾಲ, ಮಕ್ಕಳ ಶಾಲಾ ಶುಲ್ಕ, ಬಾಡಿಗೆ ಇರುವ ಮಗ-ಸೊಸೆಯರಿಗೆ ಹಳೆಯ ದಾರಿಯೇ ಲಾಭವಾಗಬಹುದು. ಒಂದೇ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರೂ ತಪ್ಪಿಲ್ಲ.

ಬಡ್ಡಿಯ ಬಗ್ಗೆ ಇನ್ನೊಂದು ಮಾತು. 2025ರ ಏಪ್ರಿಲ್‌ನಿಂದ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಮಾತ್ರ ಟಿಡಿಎಸ್ ಹಿಡಿಯುತ್ತಾರೆ. ನಮ್ಮ ಉದಾಹರಣೆಯ ಅಜ್ಜನಿಗೆ ಬಡ್ಡಿ ಅದಕ್ಕಿಂತ ಹೆಚ್ಚು, ಆದರೆ ತೆರಿಗೆ ಸೊನ್ನೆ. ಅಂಥವರು ಟಿಡಿಎಸ್ ಬೇಡ ಎಂಬ ಫಾರಂ (1961ರ ಕಾಯ್ದೆಯಲ್ಲಿ ಅದು 15ಎಚ್) ಕೊಟ್ಟರೆ ಕಡಿತ ಇರುವುದಿಲ್ಲ. ಠೇವಣಿ ಎರಡು ಬ್ಯಾಂಕಿನಲ್ಲಿದ್ದರೆ ಎರಡು ಕಡೆಯೂ, ಪ್ರತಿ ವರ್ಷವೂ ಕೊಡಬೇಕು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ. ಬ್ಯಾಂಕಿಗೆ ಹೋದಾಗ ಫಾರಂ ಸಂಖ್ಯೆಯನ್ನೇ ಹಿಡಿದುಕೊಳ್ಳದೆ, "ಟಿಡಿಎಸ್ ಬೇಡ ಅಂತ ಹಿರಿಯರು ಕೊಡೋ ಫಾರಂ ಕೊಡಿ" ಎಂದು ಕೇಳಿ. ಇನ್ನೊಂದು ಎಚ್ಚರಿಕೆ: ತೆರಿಗೆ ಸೊನ್ನೆ ಎಂದರೆ ರಿಟರ್ನ್ ಸಲ್ಲಿಸಬೇಕಿಲ್ಲ ಎಂದು ಅರ್ಥವಲ್ಲ.

ಮೊಮ್ಮಕ್ಕಳ ಹೆಸರಿನ ಠೇವಣಿ

ನಾನು ಕೌಂಟರಿನಲ್ಲಿದ್ದಾಗ ಅತಿ ಹೆಚ್ಚು ಕೇಳಿದ ಮಾತು ಇದು: "ಮೊಮ್ಮಗನ ಹೆಸರಲ್ಲಿ ಇಟ್ರೆ ಟ್ಯಾಕ್ಸ್ ಇಲ್ಲ ಅಲ್ವಾ?" ಇದು ಅರ್ಧ ಸತ್ಯ. ಅಜ್ಜ ಮೊಮ್ಮಗನಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ನಿಜ. ಆದರೆ ಆ ಹಣ ದುಡಿದ ಬಡ್ಡಿ, ಮಗುವಿಗೆ 18 ತುಂಬುವವರೆಗೆ, ತಂದೆ-ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರುತ್ತದೆ. 2 ಲಕ್ಷ ರೂಪಾಯಿಗೆ ಶೇಕಡ 7ರಂತೆ ವರ್ಷಕ್ಕೆ 14,000 ಬಡ್ಡಿ ಬಂದರೆ, ಅದನ್ನು ಅಪ್ಪನೋ ಅಮ್ಮನೋ ತಮ್ಮ ರಿಟರ್ನಿನಲ್ಲಿ ತೋರಿಸಬೇಕು. ಹಳೆಯ ಪದ್ಧತಿಯಲ್ಲಿದ್ದರೆ ಪ್ರತಿ ಮಗುವಿನ ಲೆಕ್ಕದಲ್ಲಿ 1,500 ರೂಪಾಯಿಯಷ್ಟು ವಿನಾಯಿತಿ ಇದೆ. ನೀವು ಪ್ರೀತಿಯಿಂದ ಇಟ್ಟ ಠೇವಣಿಯ ವಿಷಯವನ್ನು ಮಗನಿಗೆ ಹೇಳದೆ ಬಿಟ್ಟರೆ, ಅವನ ಲೆಕ್ಕ ತಪ್ಪಾಗುತ್ತದೆ. ಹೆಂಡತಿಯ ಹೆಸರಿಗೆ ಹಣ ಹಾಕಿ ಠೇವಣಿ ಇಟ್ಟರೂ ಹಾಗೆಯೇ. ಬಡ್ಡಿ ಗಂಡನ ಲೆಕ್ಕಕ್ಕೇ ವಾಪಸು ಬರುತ್ತದೆ.

ಮಕ್ಕಳೇ, ಇದರಲ್ಲಿ ನಿಮಗೊಂದು ಖುಷಿಯ ವಿಷಯವಿದೆ. ನೀವು ಹಾಡಿಯೋ ಚಿತ್ರ ಬಿಡಿಸಿಯೋ ನಿಮ್ಮ ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಅಪ್ಪ-ಅಮ್ಮನ ಆದಾಯಕ್ಕೆ ಸೇರುವುದಿಲ್ಲ. ಅದು ನಿಮ್ಮದೇ ಆದಾಯ. 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ಹಾಕಿದ ಮಿತಿಯೊಳಗೆ ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲೂ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ.

ಮೊಮ್ಮಗಳಿಗೆ 10 ತುಂಬಿಲ್ಲವಾದರೆ ಸುಕನ್ಯಾ ಸಮೃದ್ಧಿ ಖಾತೆ ಇದೆ. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಅವಧಿ ಮುಗಿಯುತ್ತದೆ. ಬಡ್ಡಿಗೆ ತೆರಿಗೆ ಇಲ್ಲ. ಆದರೆ ಖಾತೆಯನ್ನು ತಂದೆ-ತಾಯಿ ಅಥವಾ ಕಾನೂನುಬದ್ಧ ಪೋಷಕರೇ ತೆರೆಯಬೇಕು. ಅಜ್ಜ-ಅಜ್ಜಿ ತೆರೆದ ಹಳೆಯ ಖಾತೆ ಇದ್ದರೆ ಅಂಚೆ ಕಚೇರಿಯಲ್ಲಿ ಕೇಳಿ ಪೋಷಕರ ಹೆಸರಿಗೆ ಬದಲಾಯಿಸಿಕೊಳ್ಳಿ. ಕಟ್ಟುವ ದುಡ್ಡು ನಿಮ್ಮದಾದರೆ ಯಾರೂ ಬೇಡ ಎನ್ನುವುದಿಲ್ಲ!

ದಾನ ಕೊಟ್ಟರೆ ತೆರಿಗೆ ಉಳಿಯುತ್ತದೆಯೇ?

1961ರ ಕಾಯ್ದೆಯಲ್ಲಿ 80ಜಿ ಎನ್ನುತ್ತಿದ್ದ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಹಳೆಯ ಪದ್ಧತಿಯಲ್ಲಿ ವಿನಾಯಿತಿ ಇದೆ. ಸಾಮಾನ್ಯವಾಗಿ ಕೊಟ್ಟದ್ದರಲ್ಲಿ ಅರ್ಧ, ಅದೂ ಆದಾಯಕ್ಕೆ ತಕ್ಕ ಒಂದು ಮಿತಿಯೊಳಗೆ. ಶೇಕಡ 20ರ ದರದಲ್ಲಿ ತೆರಿಗೆ ಕಟ್ಟುವವರು 10,000 ರೂಪಾಯಿಯನ್ನು ಚೆಕ್ಕಿನಲ್ಲಿ ಕೊಟ್ಟರೆ 5,000 ಆದಾಯದಿಂದ ಕಳೆಯುತ್ತದೆ. ಉಳಿಯುವ ತೆರಿಗೆ 1,000 ರೂಪಾಯಿ, ಸೆಸ್ ಸೇರಿ 1,040. ಅದೇ 10,000ವನ್ನು ನಗದಾಗಿ ಕೊಟ್ಟರೆ ಉಳಿಯುವುದು ಏನೂ ಇಲ್ಲ. ಏಕೆಂದರೆ 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ಅನ್ವಯಿಸುವುದಿಲ್ಲ.

ರಸೀದಿಯೊಂದೇ ಸಾಲದು. ಸಂಸ್ಥೆಯವರು ದಾನಿಗಳ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ನಿಮಗೆ ದಾನದ ಪ್ರಮಾಣಪತ್ರ (1961ರ ಕಾಯ್ದೆಯಲ್ಲಿ ಅದು 10ಬಿಇ) ಕೊಡಬೇಕು. ಜೂನ್‌ನಲ್ಲಿ ಅದನ್ನು ಮರೆಯದೆ ಕೇಳಿ ಪಡೆಯಿರಿ.

ಹೊಸ ಪದ್ಧತಿಯಲ್ಲಿ 80ಜಿ ವಿನಾಯಿತಿ ಸಿಗುವುದಿಲ್ಲ. ಹಾಗಾದರೆ ರಸೀದಿ ಯಾಕೆ ಎಂದು ಕೆಲವರು ಕೇಳುತ್ತಾರೆ. ನಾನು ಹೇಳುವುದು, ಈಗಲೇ ಅದು ಹೆಚ್ಚು ಬೇಕು. ತೆರಿಗೆಯ ಆಸೆಗಾದರೂ ದಾನಿಗಳು ಕಾಗದ ಕೇಳುತ್ತಿದ್ದರು. ಆ ಆಸೆ ಹೋದ ಮೇಲೆ ಕೇಳುವವರೇ ಇಲ್ಲದಂತಾದರೆ, ಸಂಘಗಳ ಲೆಕ್ಕ ಸಡಿಲವಾಗುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಿಜವಾಗಲು ಬಿಡಬಾರದು.

ಸಂಘದ ಪೆಟ್ಟಿಗೆ

ನಾಲ್ಕು ಜನ ಸೇರಿ ನಂಬಿಕೆಯಿಂದ ದುಡ್ಡು ಕೂಡಿಸುವುದು ನಮ್ಮ ನಾಡಿಗೆ ಹೊಸದಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಸಹಕಾರ ಸಂಘ, ಸೇವಾ ಸಂಘ, ಗಣೇಶೋತ್ಸವದ ಸಮಿತಿ ಯಾವುದೇ ಇರಲಿ, ಪೆಟ್ಟಿಗೆಯಲ್ಲಿರುವುದು ಹತ್ತು ಜನರ ಹಣ.

ಕರ್ನಾಟಕದಲ್ಲಿ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಣಿಯಾಗುತ್ತವೆ. ಅಂಥ ಸಂಘ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇಲ್ಲಿ ನೋಂದಣಿಯಾದ ಮಾತ್ರಕ್ಕೆ ತೆರಿಗೆ ವಿನಾಯಿತಿ ಬರುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ನೋಂದಣಿ ಬೇಕು. ಆ ವಿನಾಯಿತಿ ಪಡೆದ ಸಂಸ್ಥೆ ಸಾಮಾನ್ಯವಾಗಿ ವರ್ಷದ ಆದಾಯದ ಶೇಕಡ 85ರಷ್ಟನ್ನಾದರೂ ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು.

ಕಾಯ್ದೆಯ ಮಾತು ಅಷ್ಟು ಸಾಕು. ಮೇಷ್ಟ್ರ ಪ್ರಸಂಗದ ನಂತರ ನಮ್ಮ ಸಂಘದಲ್ಲಿ ಮಾಡಿಕೊಂಡ ನಿಯಮಗಳು ಇವು. ಯಾವ ಊರಿನ ಸಂಘಕ್ಕಾದರೂ ಹೊಂದುತ್ತವೆ.

1. ರಸೀದಿ ಪುಸ್ತಕದ ಹಾಳೆಗಳಿಗೆ ಅಚ್ಚಿನಲ್ಲೇ ಕ್ರಮಸಂಖ್ಯೆ ಇರಬೇಕು. ತಪ್ಪಾಗಿ ಬರೆದ ಹಾಳೆಯನ್ನು ಹರಿದು ಎಸೆಯದೆ, 'ರದ್ದು' ಎಂದು ಬರೆದು ಅಲ್ಲೇ ಉಳಿಸಬೇಕು.

2. ಎತ್ತಿದ ಹಣ ಮರುದಿನವೇ ಬ್ಯಾಂಕಿಗೆ. ಆ ಹಣದಿಂದ ನೇರವಾಗಿ ಯಾವ ಖರ್ಚೂ ಮಾಡುವಂತಿಲ್ಲ. ಆಟೋ, ಕಾಫಿ ಇಂಥದ್ದಕ್ಕೆ 2,000 ರೂಪಾಯಿಯ ಚಿಲ್ಲರೆ ಖರ್ಚಿನ ಡಬ್ಬಿ ಬೇರೆ ಇದೆ. ಡಬ್ಬಿಯ ನಗದು ಮತ್ತು ವೋಚರುಗಳು ಕೂಡಿದರೆ ಯಾವಾಗಲೂ 2,000 ಇರಬೇಕು.

3. ಕೈಯಿಂದ ಕೈಗೆ ಹಣ ಹೋದರೆ ಪಡೆದವರ ಸಹಿ ಅಲ್ಲೇ, ಆಗಲೇ. ಮದುವೆ ಮನೆಯಾದರೂ ಸರಿ!

4. ಫೋನಿನಲ್ಲಿ ಹಣ ಕಳಿಸುವವರಿಗೆ ಸಂಘದ ಖಾತೆಯ ಕ್ಯೂಆರ್ ಕೋಡ್ ಮಾತ್ರ ತೋರಿಸಬೇಕು. ಕಾರ್ಯದರ್ಶಿಯ ಸ್ವಂತ ನಂಬರಿಗೆ ಬೇಡ. ಅವರು ಎಷ್ಟೇ ಪ್ರಾಮಾಣಿಕರಾದರೂ ಮನೆಯ ಹಾಲಿನ ದುಡ್ಡೂ ಸಂಘದ ದುಡ್ಡೂ ಬೆರೆತುಹೋಗುತ್ತದೆ.

5. ಚೆಕ್ಕಿಗೆ ಇಬ್ಬರ ಸಹಿ. ಖಾಲಿ ಚೆಕ್ಕಿಗೆ ಮುಂಗಡ ಸಹಿ ಖಂಡಿತ ಕೂಡದು. ಹಣ ಎತ್ತುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುವವರು ಮೂರನೆಯವರು.

6. ನೋಟ್‌ಬುಕ್ಕಿಗೆಂದು ಬಂದ ಹಣ ನೋಟ್‌ಬುಕ್ಕಿಗೇ. ಶಾಮಿಯಾನಕ್ಕೆ ಬಳಸಿ ಆಮೇಲೆ ತುಂಬಿಸೋಣ ಎನ್ನುವಂತಿಲ್ಲ.

7. ಪದಾಧಿಕಾರಿಯ ನೆಂಟರ ಅಂಗಡಿಯಲ್ಲಿ ಕೊಳ್ಳುವುದಾದರೆ ಮೊದಲೇ ಸಭೆಗೆ ತಿಳಿಸಿ, ಬೇರೆ ಎರಡು ಅಂಗಡಿಯ ದರವನ್ನೂ ಮುಂದಿಡಬೇಕು.

8. ವರ್ಷದ ಜಮಾ-ಖರ್ಚನ್ನು ಒಂದೇ ಹಾಳೆಯಲ್ಲಿ, ಏಳನೇ ತರಗತಿಯ ಮಗುವಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು.

ಇಷ್ಟು ನಿಯಮ ಮಾಡಿದಾಗ, "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಕೆಲವರು ಮುನಿಸಿಕೊಂಡರು. ನಂಬಿಕೆ ಇರುವುದರಿಂದಲೇ ಈ ನಿಯಮ, ಅದನ್ನು ಉಳಿಸಿಕೊಳ್ಳುವುದಕ್ಕೆ, ಎಂದು ಹೇಳಿದೆ. ಮೇಷ್ಟ್ರ ಖಾಲಿ ಕುರ್ಚಿಯ ನೆನಪು ಎಲ್ಲರಿಗೂ ಇತ್ತು. ಯಾರೂ ಎದುರು ಮಾತಾಡಲಿಲ್ಲ.

ಮಕ್ಕಳಿಗೊಂದು ಕೆಲಸ

ಈ ವಾರ ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಹುಟ್ಟುಹಬ್ಬಕ್ಕೆ ಅತ್ತೆ ಕೊಟ್ಟ ನೂರು ಎಡಕ್ಕೆ, ಪೆನ್ಸಿಲ್ ಡಬ್ಬಿ ಬಲಕ್ಕೆ. ರಾತ್ರಿ ಮಲಗುವ ಮುಂಚೆ ಎಡದಿಂದ ಬಲವನ್ನು ಕಳೆದು, ಹುಂಡಿಯಲ್ಲಿ ಅಷ್ಟೇ ಇದೆಯೇ ನೋಡಿ. ಇಲ್ಲದಿದ್ದರೆ ಯಾರ ಮೇಲೂ ಕೂಗಾಡಬೇಡಿ. ಮೊದಲು ನೀವೇ ಏನು ಬರೆಯಲು ಮರೆತಿರಿ ಎಂದು ಯೋಚಿಸಿ. ಈ ಕೊನೆಯ ಮಾತನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ. ನೀವು ಈಗಲೇ ಕಲಿಯಿರಿ.

ನನ್ನ ಮೊಮ್ಮಗಳಿಗೆ ಅಂದೇ ಸಂಜೆ ರಸೀದಿ ಬರೆಸಿಕೊಟ್ಟೆ. ಸಂಘ ಆ ವರ್ಷ ಕೊಂಡ ನೋಟ್‌ಬುಕ್ಕಿನ ಬೆಲೆ ಒಂದಕ್ಕೆ 34 ರೂಪಾಯಿ. "ಹಾಗಾದ್ರೆ ನಂದು ಹತ್ತು ಪುಸ್ತಕ" ಎಂದು ಅವಳು ಲೆಕ್ಕ ಹಾಕಿ, ಆ ರಸೀದಿಯನ್ನು ನನ್ನ 'ಮಾರ್ಚ್' ಫೈಲಿಗೆ ತಾನೇ ಸೇರಿಸಿದಳು.

ಈಚೆಗೆ ಸಂಘದ ಲೆಕ್ಕದ ಹಾಳೆಯನ್ನು ಹಿಡಿದು ಇಬ್ಬರೂ ಮೇಷ್ಟ್ರ ಮನೆಗೆ ಹೋಗಿದ್ದೆವು. ಅವರಿಗೀಗ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ತರಿಸಿಕೊಂಡು, ಹಿಂದೆ ಮಕ್ಕಳ ಪುಸ್ತಕ ತಿದ್ದುತ್ತಿದ್ದ ಹಾಗೆಯೇ ಒಂದೊಂದು ಸಾಲಿಗೂ ಗುರುತು ಹಾಕುತ್ತ ಕೊನೆಯವರೆಗೆ ಓದಿದರು. ಕೆಳಗೆ ಸಹಿ ಮಾಡಿ ಹಾಳೆಯನ್ನು ಮೊಮ್ಮಗಳ ಕೈಗೆ ಕೊಟ್ಟರು.

"ತಾಳೆ ಆಗಿದೆ ಮಗು. ನಿಮ್ಮ ತಾತನಿಗೆ ಹೇಳು, ಮುಂದಿನ ಸಭೆಗೆ ನನಗೂ ಒಂದು ಕುರ್ಚಿ ಹಾಕಿಸಲಿ."